ಮಾಮೂಲು: ಬರೆಯದ ಕಾನೂನಿನ ಮಾತೊಂದರ ಚರಿತ್ರೆ

ಚಿಕ್ಕಬಳ್ಳಾಪುರದ ಸಮೀಪದಲ್ಲಿ ಕಳವಾರ ಗ್ರಾಮದ ಬಳಿ ನಿಂತಿರುವ ಸ್ಕಂದಗಿರಿಯನ್ನು ಆ ಸೀಮೆಯ ಜನರು ಕಳವಾರದುರ್ಗವೆಂದೂ ಕರೆಯುವರು. ನೆತ್ತಿಯ ಮೇಲೆ ಪಾಳುಬಿದ್ದ ಕೋಟೆಯ ಗೋಡೆಗಳನ್ನು ಹೊತ್ತಿರುವ ಈ ಬೆಟ್ಟವೂ, ನೆರೆಯ ನಂದಿದುರ್ಗ, ಚೆನ್ನಕೇಶವ ಬೆಟ್ಟ ಮೊದಲಾದುವುಗಳೂ ಕೂಡಿದ ಗಿರಿಶ್ರೇಣಿಯು ಹಲವು ನದಿಗಳಿಗೆ ತವರಾಗಿರುತ್ತದೆ. ಗೌರಿಬಿದನೂರಿನ ಮೇಲೆ ಹರಿದುಹೋಗುವ ಉತ್ತರ ಪಿನಾಕಿನಿ, ತಮಿಳುನಾಡಿನ ಕಡೆಗೆ ತಿರುಗುವ ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ, ಇವೆಲ್ಲವೂ ಈ ಬೆಟ್ಟಗಳ ಸುತ್ತಿನಲ್ಲಿಯೇ ಹುಟ್ಟತಕ್ಕುವು. ಆದರೆ ನದಿಗಳಿಗೆ ತವರಾದ ನಾಡಿಗೆ ನದಿಯ ಸುಖವಿಲ್ಲ. ಇಲ್ಲಿ ಅವು ಇನ್ನೂ ಹಳ್ಳಗಳು. ಮಳೆ ಬಿದ್ದಾಗ ತುಂಬಿ, ಕೆಲವು ದಿನಗಳಲ್ಲಿ ಮರಳಾಗುವುವು. ಆದಕಾರಣ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಪೂರ್ವಿಕರು ಹಳ್ಳಕ್ಕೆ ಏರಿಯನ್ನು ಹಾಕಿ, ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಹರಿಯುವಂತೆ ಸಾಲುಸಾಲಾಗಿ ಕೆರೆಗಳನ್ನು ಕಟ್ಟಿಕೊಂಡು ಬಾಳಿದರು.

ಕೆರೆಯನ್ನು ಕಟ್ಟುವುದು ಒಂದು ಸಲದ ಕಾರ್ಯ. ಅದರ ನೀರನ್ನು ಹಂಚುವುದು ವರ್ಷವರ್ಷದ ಕಾರ್ಯ. ಯಾವ ಗದ್ದೆಗೆ ಮೊದಲು ನೀರು, ಯಾವುದಕ್ಕೆ ಕಡೆಯಲ್ಲಿ. ಕೆರೆ ಅರ್ಧ ತುಂಬಿದ ವರ್ಷ ಯಾರು ಭತ್ತವನ್ನು ನೆಡಬಹುದು, ಯಾರು ರಾಗಿಯಲ್ಲಿ ತೃಪ್ತಿಪಡಬೇಕು. ಕಾಲುವೆಯ ಹೂಳನ್ನು ಯಾರು ತೆಗೆಯಬೇಕು. ಈ ಕೆಲಸ ಮಾಡಿದವನಿಗೆ ಕಣದಲ್ಲಿ ಎಷ್ಟು ಧಾನ್ಯ. ಇವುಗಳಿಗೆಲ್ಲ ಒಂದೊಂದು ಕಟ್ಟಳೆಯಿದ್ದಿತು. ಅದು ಯಾವ ಅರಸನ ಶಾಸನದಲ್ಲಿಯೂ ಬರೆದುದಲ್ಲ. ತಂದೆಯಿಂದ ಮಗನಿಗೆ ಬಂದುದು. ಊರಿನ ಹತ್ತು ಜನ ಬಲ್ಲುದು. ಈ ಬರೆಯದ ಕಟ್ಟಳೆಗೆ ಮೈಸೂರು ಸೀಮೆಯ ದಫ್ತರಗಳಲ್ಲಿಯೂ ರೈತರ ಬಾಯಲ್ಲಿಯೂ ನಿಂತ ಹೆಸರು ‘ಮಾಮೂಲು’.

ಇಂದು ಅದೇ ಮಾತನ್ನು ಕೇಳಿದವರ ಮನಸ್ಸಿಗೆ ಮೊದಲು ಹೊಳೆಯುವುದು ಲಂಚ. ಕಚೇರಿಯಲ್ಲಿ ಮೇಜಿನ ಕೆಳಗೆ ಸಾಗುವ ಹಣವೇ ಮಾಮೂಲು. ಹಕ್ಕಿನ ಹೆಸರಾಗಿದ್ದ ಮಾತು ಅಕ್ರಮದ ಹೆಸರಾದುದು ಹೇಗೆಂಬುದನ್ನು ವಿಚಾರಮಾಡಿದರೆ, ಒಂದು ಶಬ್ದದ ಚರಿತ್ರೆಯಷ್ಟೇ ಅಲ್ಲದೆ, ಬರೆಯದ ಕಾನೂನು ಹೇಗೆ ಬಾಳುತ್ತದೆ, ಹೇಗೆ ಅಳಿಯುತ್ತದೆ ಎಂಬುದೂ ತಿಳಿದುಬರುತ್ತದೆ.

ಮೊದಲು ಶಬ್ದವನ್ನು ನೋಡಬೇಕು. ‘ಮಾಮೂಲು’ ಅರಬ್ಬಿ ಮೂಲದ್ದು. ‘ಅಮಲ್’ ಎಂದರೆ ಕೆಲಸ, ಆಚರಣೆ. ‘ಮಅಮೂಲ್’ ಎಂದರೆ ಆಚರಣೆಯಲ್ಲಿರುವುದು, ನಡೆದುಕೊಂಡು ಬಂದುದು. ಪಾರಸಿಯನ್ನು ಆಡಳಿತದ ಭಾಷೆಯಾಗಿ ಬಳಸುತ್ತಿದ್ದ ರಾಜ್ಯಗಳ ಮೂಲಕ ಇದು ದಕ್ಷಿಣದ ಭಾಷೆಗಳಿಗೆಲ್ಲ ಬಂದಿತು. ‘ಕಾಯಿದೆ ಅಮಲಿಗೆ ಬಂದಿತು’ ಎನ್ನುವಲ್ಲಿನ ಅಮಲೂ, ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕಿನ ಮುಖ್ಯಾಧಿಕಾರಿಗಿದ್ದ ‘ಅಮಲ್ದಾರ’ ಎಂಬ ಹೆಸರೂ ಇದೇ ಧಾತುವಿನಿಂದ ಹುಟ್ಟಿದುವು. ಆದ್ದರಿಂದ ಮಾಮೂಲೂ ಅಮಲ್ದಾರನೂ ಶಬ್ದಸಂಬಂಧದಲ್ಲಿ ದಾಯಾದಿಗಳು: ಒಂದು ಜನರು ನಡೆಸಿಕೊಂಡು ಬಂದುದು, ಇನ್ನೊಂದು ಸರ್ಕಾರದ ಅಪ್ಪಣೆಯನ್ನು ನಡೆಸತಕ್ಕವನು.

ಶಬ್ದವು ಹೊರಗಿನದಾದರೂ ಅದು ಹೇಳುವ ವಸ್ತುವು ಹೊರಗಿನದಲ್ಲ. ಶ್ರುತಿಸ್ಮೃತಿಗಳ ತರುವಾಯ ಸದಾಚಾರವನ್ನು ಧರ್ಮಕ್ಕೆ ಪ್ರಮಾಣವೆಂದು ಧರ್ಮಶಾಸ್ತ್ರಕಾರರು ಒಪ್ಪಿರುವುದೂ, ದೇಶಧರ್ಮ, ಜಾತಿಧರ್ಮ, ಕುಲಧರ್ಮಗಳನ್ನು ಅರಸನು ಅರಿತು ನ್ಯಾಯ ಹೇಳಬೇಕೆಂದು ವಿಧಿಸಿರುವುದೂ ವಾಚಕರಿಗೆ ವಿದಿತವೇ ಆಗಿದೆ. ಕನ್ನಡದಲ್ಲಿ ರೂಢಿ, ವಾಡಿಕೆ, ಪದ್ಧತಿ, ಪೂರ್ವಮರ್ಯಾದೆ ಎಂಬ ಮಾತುಗಳು ಮೊದಲಿಂದಲೂ ಇದ್ದುವು. ಕೋಲಾರ ಸೀಮೆಯ ಶಾಸನಗಳಲ್ಲಿ ಕೆರೆಯನ್ನು ಕಟ್ಟಿದವನಿಗೆ ಅದರ ಕೆಳಗಿನ ಭೂಮಿಯಲ್ಲಿ ಕಟ್ಟುಗೊಡಗೆಯನ್ನು ಬಿಟ್ಟ ಸಂಗತಿ ಮೇಲಿಂದಮೇಲೆ ಬರುತ್ತದೆ. ಆದರೆ ಕಲ್ಲಿನಲ್ಲಿ ಕೆತ್ತಿದುದು ದಾನವನ್ನು, ನೀರಿನ ಸರದಿಯನ್ನಲ್ಲ. ಸರದಿಯು ಎಲ್ಲರಿಗೂ ತಿಳಿದಿದ್ದುದರಿಂದ ಅದನ್ನು ಕೆತ್ತಿಸುವ ಅಗತ್ಯವೇ ಬೀಳಲಿಲ್ಲ.

1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಎಂಬ ಪ್ರಸಿದ್ಧ ಕೋಶದಲ್ಲಿ ಯೂಲ್ ಮತ್ತು ಬರ್ನೆಲ್ ಎಂಬುವರು ಈ ಮಾತಿಗೆ ಅರ್ಥ ಬರೆಯುತ್ತಾ, ಪೂರ್ವದೇಶದವರು ಮಾಮೂಲಿಗೆ ಕೊಡುವ ಬೆಲೆಯು ಇಂಗ್ಲಿಷ್ ವಕೀಲರು ಪೂರ್ವನಿದರ್ಶನಕ್ಕೆ ಕೊಡುವ ಬೆಲೆಗೆ ಸಮಾನವೆಂದು ಅಭಿಪ್ರಾಯಪಟ್ಟಿದ್ದಾರೆ. ಇವರಲ್ಲಿ ಬರ್ನೆಲ್ಲನು ದಕ್ಷಿಣ ಭಾರತದಲ್ಲಿ ನ್ಯಾಯಾಧಿಕಾರಿಯಾಗಿದ್ದವನು. ಅವರ ಅರ್ಥವಿವರಣೆಯಲ್ಲಿ ಲಂಚದ ಛಾಯೆಯಿಲ್ಲ. ಇರುವುದು ಕಾನೂನಿನ ಗಾಂಭೀರ್ಯ.

ಈ ಗಾಂಭೀರ್ಯವು ಹಳ್ಳಿಯ ಜೀವನದಲ್ಲಿ ಹೇಗಿದ್ದಿತೆಂಬುದಕ್ಕೆ ಹೊರಗಿನವರ ಸಾಕ್ಷ್ಯವುಂಟು. 1799ರಲ್ಲಿ ಟಿಪ್ಪುವಿನ ಪತನವಾದ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು, ಕಣದಲ್ಲಿ ರಾಶಿಯನ್ನು ಅಳೆಯುವಾಗ ದೇವರಿಗೆ, ಬ್ರಾಹ್ಮಣರಿಗೆ, ಗೌಡನಿಗೆ, ಶಾನುಭೋಗನಿಗೆ, ಕಮ್ಮಾರನಿಗೆ, ಅಗಸನಿಗೆ, ಇನ್ನುಳಿದವರಿಗೆ ಸಲ್ಲುವ ಪಾಲುಗಳನ್ನು ವಿವರವಾಗಿ ಬರೆದುಕೊಂಡನು. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಅದನ್ನು ನೋಡಬಹುದು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟಿಸಿದ ತನ್ನ ಚರಿತ್ರೆಯಲ್ಲಿ ಹನ್ನೆರಡು ಮಂದಿ ಆಯಗಾರರನ್ನು ಎಣಿಸುತ್ತಾನೆ. ಅವರಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿಗಳ ಜೊತೆಯಲ್ಲಿ ಒಬ್ಬನು ನೀರುಗಂಟಿ.

ಕೆರೆಯ ಮಾಮೂಲಿಗೆ ನೀರುಗಂಟಿಯೇ ಜೀವಂತ ಪುಸ್ತಕ. ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಅಚ್ಚುಕಟ್ಟಿನ ಪ್ರತಿಯೊಂದು ಗದ್ದೆಗೂ ಎಷ್ಟು ಹೊತ್ತು ನೀರು ಸಲ್ಲಬೇಕೆಂಬುದು ಅವನ ನೆನಪಿನಲ್ಲಿರುತ್ತಿದ್ದಿತು. ಗದ್ದೆಯ ಒಡೆಯನೇ ಮಡೆಯನ್ನು ತಿರುಗಿಸಿಕೊಳ್ಳಕೂಡದು. ನೀರುಗಂಟಿ ತಿರುಗಿಸಿದರೇ ಸಕ್ರಮ. ಇದಕ್ಕಾಗಿ ಅವನಿಗೆ ಸಂಬಳವಿಲ್ಲ. ಸುಗ್ಗಿಯಲ್ಲಿ ಪ್ರತಿಯೊಬ್ಬ ಹಿಡುವಳಿದಾರನ ಕಣದಿಂದ ಇಷ್ಟು ಧಾನ್ಯವೆಂಬ ಆಯ, ಕೆಲವು ಕಡೆ ಇನಾಮು ಜಮೀನು, ಇವೇ ಅವನ ಜೀವನ. ಎಲ್ಲ ಗದ್ದೆಗಳೂ ಬೆಳೆದರೆ ಅವನ ಪಾಲು ಹೆಚ್ಚು. ಕೆಲವೇ ಬೆಳೆದರೆ ಕಡಮೆ. ಅವನ ಪ್ರಾಮಾಣಿಕತೆಯೂ ಅವನ ಹೊಟ್ಟೆಪಾಡೂ ಒಂದೇ ಕಾಲುವೆಯಲ್ಲಿ ಹರಿಯುವಂತೆ ಈ ಏರ್ಪಾಡು ಮಾಡಿದ್ದಿತು. ಆ ಕಾಲದಲ್ಲಿ ‘ನೀರುಗಂಟಿಗೆ ಮಾಮೂಲು ಕೊಡು’ ಎಂದರೆ ಅವನಿಗೆ ಸಲ್ಲತಕ್ಕುದನ್ನು ಸಲ್ಲಿಸು ಎಂದೇ ಅರ್ಥ.

ಇಂತಹ ಬರೆಯದ ಹಕ್ಕುಗಳು ಬ್ರಿಟಿಷರ ನ್ಯಾಯಾಲಯಗಳಿಗೆ ಬಂದಾಗ ಒಂದು ತೊಡಕು ಹುಟ್ಟಿತು. ಕಣದಲ್ಲಿ ಎಲ್ಲರೂ ಬಲ್ಲುದನ್ನು ನ್ಯಾಯಾಲಯದಲ್ಲಿ ಸಾಬೀತುಮಾಡಬೇಕಾಯಿತು. 1868ರಲ್ಲಿ ರಾಮನಾಡು ಸಂಸ್ಥಾನದ ದತ್ತಕದ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲಿನವರು, ಹಿಂದೂ ಕಾನೂನಿನಲ್ಲಿ ಸ್ಪಷ್ಟವಾಗಿ ಸಾಬೀತಾದ ರೂಢಿಯು ಲಿಖಿತ ವಚನಕ್ಕಿಂತಲೂ ಬಲವತ್ತರವೆಂದು ತೀರ್ಮಾನಿಸಿದರು. ಬರೆಯದ ಕಾನೂನಿಗೆ ಇದಕ್ಕಿಂತ ದೊಡ್ಡ ಮನ್ನಣೆ ದೊರೆಯಲಾರದು. ಆದರೆ 1872ರಲ್ಲಿ ಅದೇ ನ್ಯಾಯಪೀಠವು ಇನ್ನೊಂದು ವ್ಯಾಜ್ಯದಲ್ಲಿ ಅದಕ್ಕೆ ಅಳತೆಗೋಲನ್ನೂ ಇಟ್ಟಿತು: ರೂಢಿಯು ಪುರಾತನವಾಗಿರಬೇಕು, ವ್ಯತ್ಯಾಸವಿಲ್ಲದೆ ನಡೆದುಬಂದಿರಬೇಕು, ಸಂದೇಹಕ್ಕೆಡೆಯಿಲ್ಲದ ಸಾಕ್ಷ್ಯದಿಂದ ಸ್ಥಾಪಿತವಾಗಬೇಕು.

ಇಲ್ಲಿ ಮೂರು ಮಾತುಗಳ ಭೇದವನ್ನು ಗಮನಿಸಬೇಕು. ರೂಢಿಯೆಂಬುದು ಒಂದು ಸ್ಥಳದ ಅಥವಾ ಸಮುದಾಯದ ಕಾನೂನು. ಅಲ್ಲಿಗೆ ಸೇರಿದವರೆಲ್ಲರಿಗೂ ಅದು ಸಲ್ಲುತ್ತದೆ. ದೀರ್ಘಾನುಭೋಗವೆಂಬುದು ಒಬ್ಬನು ಬಹುಕಾಲ ಅಡ್ಡಿಯಿಲ್ಲದೆ ಅನುಭವಿಸಿದುದರಿಂದ ಅವನಿಗೆ ಅಥವಾ ಅವನ ಭೂಮಿಗೆ ಹುಟ್ಟುವ ಹಕ್ಕು. ವಾಡಿಕೆಯೆಂಬುದು, ಮುಖ್ಯವಾಗಿ ವ್ಯಾಪಾರದಲ್ಲಿ, ಕರಾರು ಮಾಡಿಕೊಳ್ಳುವವರು ಹೇಳದೆಯೇ ಒಪ್ಪಿಕೊಂಡ ಷರತ್ತು. ಅದು ಪುರಾತನವಾಗಿರಬೇಕೆಂಬ ನಿರ್ಬಂಧವಿಲ್ಲ. ರೈತನು ‘ಮಾಮೂಲು’ ಎನ್ನುವಾಗ ಈ ಮೂರನ್ನೂ ಒಂದೇ ಹಿಡಿಯಲ್ಲಿ ಹಿಡಿದಿದ್ದನು. ವಕೀಲನು ಅದನ್ನು ಬಿಡಿಸಿ ಮೂರು ಕಡೆಗೆ ಇಡಬೇಕಾಯಿತು. ಇಂಗ್ಲೆಂಡಿನಲ್ಲಿ ‘ನೆನಪಿಗೆ ನಿಲುಕದ ಕಾಲ’ವೆಂದರೆ ಮೊದಲನೆಯ ರಿಚರ್ಡನು ಪಟ್ಟಕ್ಕೆ ಬಂದ 1189ನೆಯ ಇಸವಿಗೆ ಹಿಂದಿನದೆಂದು ಕಾನೂನು ಗೆರೆ ಎಳೆದಿದೆ. ಭಾರತದಲ್ಲಿ ಅಂತಹ ಗೆರೆಯಿಲ್ಲ; ಇಲ್ಲಿ ನೆನಪೆಂದರೆ ಹಿರಿಯರ ನೆನಪೇ.

ಆ ನೆನಪಿಗೆ ಶಾಸನದಲ್ಲಿಯೂ ಸ್ಥಾನ ದೊರೆಯಿತು. 1872ರ ಸಾಕ್ಷ್ಯದ ಕಾಯಿದೆಯ 48ನೆಯ ಪ್ರಕರಣವು, ಸಾರ್ವತ್ರಿಕವಾದ ರೂಢಿ ಅಥವಾ ಹಕ್ಕು ಇದೆಯೇ ಎಂಬ ಪ್ರಶ್ನೆ ಬಂದಾಗ ಅದನ್ನು ತಿಳಿದಿರಬಹುದಾದವರ ಅಭಿಪ್ರಾಯವನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ವಿಧಿಸಿತು. ಅದಕ್ಕೆ ಕೊಟ್ಟ ಉದಾಹರಣೆಯು ಗಮನಾರ್ಹವಾದುದು: ಒಂದು ಗ್ರಾಮದ ಜನರಿಗೆ ಒಂದು ಬಾವಿಯ ನೀರನ್ನು ಬಳಸುವ ಹಕ್ಕು. ಕಾಯಿದೆಯನ್ನು ಬರೆದವರಿಗೂ ಬರೆಯದ ಕಾನೂನೆಂದರೆ ಮೊದಲು ನೆನಪಾದುದು ಹಳ್ಳಿಯ ನೀರೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ನಿಯಮವು ಮುಂದುವರಿದಿದೆ. ನೆರೆಯ ಮದ್ರಾಸ್ ಪ್ರಾಂತದವರು ಇನ್ನೂ ಮುಂದೆ ಹೋಗಿ, 1858ರ ಕಾಯಿದೆಯೊಂದರಲ್ಲಿ, ಸ್ಥಳದ ರೂಢಿಯಂತೆ ಊರವರೆಲ್ಲ ಕೂಡಿ ಮಾಡತಕ್ಕ ನೀರಾವರಿ ಕೆಲಸಕ್ಕೆ ತನ್ನ ಪಾಲಿನ ದುಡಿಮೆಯನ್ನು ಕೊಡದವನು ಅದರ ಬೆಲೆಯ ಎರಡರಷ್ಟನ್ನು ತೆರಬೇಕೆಂದು ಕಟ್ಟುಮಾಡಿದರು.

ಮಾಮೂಲು ಒಂದು ಊರಿನ ಒಳಗೆ ಇದ್ದಾಗ ಅದನ್ನು ಹಿರಿಯರು ತೀರ್ಮಾನಿಸಬಹುದು. ಒಂದು ರಾಜ್ಯದ ಮಾಮೂಲು ಇನ್ನೊಂದು ರಾಜ್ಯದ ಮಾಮೂಲಿಗೆ ಎದುರಾದಾಗ ಏನಾಗುವುದೆಂಬುದನ್ನು ಈ ಬೆಟ್ಟಗಳ ನದಿಗಳೇ ತೋರಿಸಿಕೊಟ್ಟುವು. ಮೈಸೂರು ಸರ್ಕಾರವು ಹಳೆಯ ಕೆರೆಗಳ ಜೀರ್ಣೋದ್ಧಾರಕ್ಕೂ ಹೊಸ ಜಲಾಶಯಗಳಿಗೂ ಕೈಹಾಕಿದಾಗ, ಕೆಳಗಿನ ಮದ್ರಾಸ್ ಪ್ರಾಂತದವರು ತಮ್ಮ ರೈತರಿಗೆ ಬಹುಕಾಲದಿಂದ ಬರುತ್ತಿದ್ದ ನೀರಿಗೆ ಕುತ್ತು ಬಂದಿತೆಂದು ಆಕ್ಷೇಪಿಸಿದರು. 1892ರ ಫೆಬ್ರವರಿ 18ರಂದು ಎರಡು ಸರ್ಕಾರಗಳಿಗೂ ಒಪ್ಪಂದವಾಯಿತು. ಅದರಲ್ಲಿ ಹೆಸರಿಸಿದ 15 ಮುಖ್ಯ ನದಿಗಳ ಪಟ್ಟಿಯಲ್ಲಿ ಕಾವೇರಿ ತುಂಗಭದ್ರೆಗಳ ಜೊತೆಗೆ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ, ಪಾಲಾರು ಈ ಐದೂ ಸೇರಿದುವು. ಇವುಗಳ ಮೇಲೆ ಮೈಸೂರು ಹೊಸ ಜಲಾಶಯವನ್ನು ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು. ಈಗಾಗಲೇ ದೊರೆತು ಅನುಭವದಲ್ಲಿರುವ ದೀರ್ಘಾನುಭೋಗದ ಹಕ್ಕನ್ನು ರಕ್ಷಿಸುವುದಕ್ಕೆ ಹೊರತು ಮದ್ರಾಸು ಒಪ್ಪಿಗೆಯನ್ನು ನಿರಾಕರಿಸಕೂಡದು. ಬರೆಯದ ಹಕ್ಕೇ ಬರೆದ ಒಪ್ಪಂದದ ಮೂಲಸ್ತಂಭವಾಯಿತು.

ಆ ಒಪ್ಪಂದದಲ್ಲಿ ಇನ್ನೊಂದು ಮಾತಿದೆ. ಹಿಂದೆ ಇದ್ದು, ಪಾಳುಬಿದ್ದು, 30 ವರ್ಷಗಳಿಗಿಂತ ಹೆಚ್ಚು ಕಾಲ ಬಳಕೆ ತಪ್ಪಿದ ಕೆರೆಯನ್ನು ‘ಹೊಸದು’ ಎಂದೇ ಎಣಿಸತಕ್ಕದ್ದು. ತಾತನ ಕಾಲದಲ್ಲಿ ಒಡೆದ ಏರಿಯನ್ನು ಮೊಮ್ಮಗನು ಕಟ್ಟಹೊರಟರೆ, ಊರಿನವರ ಪಾಲಿಗೆ ಅದು ತಮ್ಮ ಹಳೆಯ ಕೆರೆ; ಒಪ್ಪಂದದ ಪಾಲಿಗೆ ಹೊಸ ಕಟ್ಟಡ. ನಡೆಯುತ್ತಿರುವವರೆಗೆ ಮಾತ್ರ ಮಾಮೂಲಿಗೆ ಬಲವೆಂಬ ತತ್ತ್ವವನ್ನು ಕೆರೆಗಳ ನಾಡು ಹೀಗೆ ಕಠಿಣವಾದ ರೀತಿಯಲ್ಲಿ ಕಲಿಯಬೇಕಾಯಿತು.

ಮಾಮೂಲನ್ನು ಇಷ್ಟಾಗಿ ಹೊಗಳಿ ನಿಲ್ಲಿಸಿದರೆ ಚರಿತ್ರೆಗೆ ಅನ್ಯಾಯವಾದೀತು. ಈ ಸೀಮೆಯಲ್ಲಿ ನೀರುಗಂಟಿಯ ಕೆಲಸವು ಬಹುಮಟ್ಟಿಗೆ ದಲಿತ ಕುಟುಂಬಗಳಿಗೆ ಸೇರಿದ್ದಿತು. ಊರಿನ ಗದ್ದೆಗಳಿಗೆಲ್ಲ ನೀರನ್ನು ನ್ಯಾಯವಾಗಿ ಹಂಚುವ ಕೈ ಊರೊಳಗಿನ ಬಾವಿಯ ಹಗ್ಗವನ್ನು ಮುಟ್ಟಕೂಡದೆಂಬುದೂ ಮಾಮೂಲೇ. ಸಾಕ್ಷ್ಯದ ಕಾಯಿದೆಯು ‘ಗ್ರಾಮದ ಜನರ ಬಾವಿ’ ಎಂದಿತೇ ಹೊರತು, ಗ್ರಾಮದ ಜನರೆಂದರೆ ಯಾರು ಎಂಬುದನ್ನು ಹೇಳಲಿಲ್ಲ. ಈ ಪ್ರಶ್ನೆಯನ್ನು ನೇರವಾಗಿ ಎತ್ತಿದುದು ಮುಂಬಯಿ ಪ್ರಾಂತದ ಮಹಾಡಿನಲ್ಲಿ. 1927ರ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರರು ಸಹಸ್ರಾರು ಅನುಯಾಯಿಗಳೊಂದಿಗೆ ಅಲ್ಲಿಯ ಚೌದಾರ ಕೆರೆಯ ನೀರನ್ನು ಮುಟ್ಟಿದರು. ಕೆಲವರು ಸವರ್ಣೀಯರು, ಅಸ್ಪೃಶ್ಯರನ್ನು ಆ ಕೆರೆಯಿಂದ ದೂರವಿಡುವುದು ಪುರಾತನ ರೂಢಿಯೆಂದು ವ್ಯಾಜ್ಯ ಹೂಡಿದರು. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು, ಅಂತಹ ರೂಢಿಯು ಅನಾದಿಯಿಂದ ಬಂದುದೆಂಬುದು ಸಾಬೀತಾಗಿಲ್ಲವೆಂದು ಅವರ ವಾದವನ್ನು ತಳ್ಳಿಹಾಕಿತು. ರೂಢಿಗೆ ಇಟ್ಟ ಅಳತೆಗೋಲೇ ಇಲ್ಲಿ ದುರ್ಬಲರ ಕೈಯ ಆಯುಧವಾಯಿತು. ಆದರೆ ಆ ರೂಢಿ ಸಾಬೀತಾಗಿದ್ದರೆ ಏನು ಗತಿ ಎಂಬ ಪ್ರಶ್ನೆ ಉಳಿದೇ ಇದ್ದಿತು. ಅದಕ್ಕೆ ಉತ್ತರವನ್ನು ಕೊಟ್ಟುದು 1950ರ ಸಂವಿಧಾನ. ಅದರ 13ನೆಯ ಅನುಚ್ಛೇದವು ಕಾನೂನಿನ ಬಲವುಳ್ಳ ರೂಢಿ ವಾಡಿಕೆಗಳನ್ನೂ ಕಾನೂನಿನ ಲೆಕ್ಕಕ್ಕೆ ಸೇರಿಸಿ, ಮೂಲಭೂತ ಹಕ್ಕಿಗೆ ವಿರುದ್ಧವಾದಷ್ಟರ ಮಟ್ಟಿಗೆ ಅಸಿಂಧುವೆಂದು ಸಾರಿತು. 17ನೆಯದು ಅಸ್ಪೃಶ್ಯತೆಯನ್ನೇ ತೊಡೆದುಹಾಕಿತು. ಅಂದಿನಿಂದ ಮಾಮೂಲು ಹಳೆಯದಾದರೆ ಸಾಲದು, ನ್ಯಾಯವಾದುದೂ ಆಗಿರಬೇಕು.

ಇತ್ತ ಮೈಸೂರಿನಲ್ಲಿ ಬರೆದ ಕಾನೂನು ಒಂದೊಂದಾಗಿ ಬರೆಯದುದರ ಜಾಗವನ್ನು ತುಂಬುತ್ತ ಬಂದಿತು. 1888ರ ಭೂಕಂದಾಯದ ಕೋಡು, 1911ರ ಕೆರೆ ಪಂಚಾಯಿತಿಗಳ ರೆಗ್ಯುಲೇಷನ್ನು, 1932ರ ನೀರಾವರಿ ಕಾಯಿದೆ, ಏಕೀಕರಣದ ತರುವಾಯ 1965ರ ನೀರಾವರಿ ಕಾಯಿದೆ, ಇವು ಕ್ರಮವಾಗಿ ಬಂದುವು. ಇವುಗಳ ನಡುವೆ, 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು, ಪಟೇಲ ಶಾನುಭೋಗರಿಂದ ಮೊದಲುಗೊಂಡು ತೋಟಿ ನೀರುಗಂಟಿಗಳವರೆಗೆ ವಂಶಪಾರಂಪರ್ಯದ ಹುದ್ದೆಗಳನ್ನೆಲ್ಲ ಕೊನೆಗಾಣಿಸಿತು. ಹುಟ್ಟಿನಿಂದ ಬಂದ ಸೇವೆಯ ಬಂಧನವನ್ನು ಕಳಚಿದ ಮಟ್ಟಿಗೆ ಇದು ಬೇಕಾಗಿದ್ದ ಕ್ರಮವೇ. ಆದರೆ ತೂಬಿನ ಬಳಿ ಅವನ ಜಾಗಕ್ಕೆ ಬಹಳ ಊರುಗಳಲ್ಲಿ ಯಾರೂ ಬರಲಿಲ್ಲ. ಕೊಳವೆಬಾವಿಗಳು ಬಂದ ಮೇಲೆ ಕೆರೆಯ ಕಡೆಗೆ ನೋಡುವವರೂ ಕಡಮೆಯಾದರು.

ಮಾತಿನ ಅರ್ಥ ಕೆಟ್ಟುದೂ ಈ ಪರಿವರ್ತನೆಯ ದಾರಿಯಲ್ಲಿಯೇ. ಹಿಂದೆ ಆಯ, ರುಸುಮು ಮೊದಲಾದುವು ಹುದ್ದೆಗೆ ಪ್ರತಿಫಲವಾಗಿದ್ದುವು. ಪಡೆಯುವವನಿಗೆ ಅದು ಹಕ್ಕು, ಕೊಡುವವನಿಗೆ ಕರ್ತವ್ಯ. ಎಷ್ಟು ಎಂಬುದು ಊರಿಗೆಲ್ಲ ಗೊತ್ತು. ಕಣದಲ್ಲಿ ಹತ್ತು ಜನರ ಎದುರಿಗೆ ಅಳೆದು ಕೊಡತಕ್ಕುದು. ಸರ್ಕಾರವು ನೌಕರರಿಗೆ ಸಂಬಳವನ್ನು ಗೊತ್ತುಮಾಡಿದ ಮೇಲೆ ಈ ಹಕ್ಕಿಗೆ ಆಧಾರ ತಪ್ಪಿತು. 1860ರ ದಂಡಸಂಹಿತೆಯ 161ನೆಯ ಪ್ರಕರಣವು, ಸರ್ಕಾರಿ ನೌಕರನು ತನ್ನ ಅಧಿಕಾರದ ಕೆಲಸಕ್ಕಾಗಿ ಕಾನೂನುಬದ್ಧವಾದ ಸಂಬಳವಲ್ಲದೆ ಬೇರೆ ಪ್ರತಿಫಲವನ್ನು ಪಡೆಯುವುದು ಅಪರಾಧವೆಂದಿತು. 1988ರಲ್ಲಿ ಆ ಪ್ರಕರಣವು ಸಂಹಿತೆಯಿಂದ ತೆಗೆಯಲ್ಪಟ್ಟು ಭ್ರಷ್ಟಾಚಾರ ನಿರೋಧದ ಕಾಯಿದೆಯಲ್ಲಿ ಅಡಕವಾಯಿತು. ಹಕ್ಕು ಹೋಯಿತು, ವಸೂಲಿ ಉಳಿಯಿತು. ವಸೂಲಿ ಮಾಡುವವನು ಹಳೆಯ ಹೆಸರನ್ನೇ ಇಟ್ಟುಕೊಂಡನು. ಅವನಿಗೆ ಆ ಹೆಸರಿನಿಂದ ಪ್ರಯೋಜನವಿದ್ದಿತು. ‘ಲಂಚ ಕೊಡು’ ಎಂದು ಕೇಳುವುದಕ್ಕೆ ನಾಲಗೆ ಹಿಂಜರಿದೀತು. ‘ಮಾಮೂಲು ಕೊಡು’ ಎಂದರೆ ಅದು ಎಲ್ಲರೂ ಕೊಡುವುದು, ಮೊದಲಿಂದಲೂ ಇರುವುದು, ಕೇಳುವವನ ತಪ್ಪಲ್ಲ ಎಂಬ ಧ್ವನಿ ಬರುತ್ತದೆ. ಪುರಾತನತೆ, ಸಾರ್ವತ್ರಿಕತೆ, ನಿಶ್ಚಿತತೆ ಎಂಬ ರೂಢಿಯ ಮೂರು ಲಕ್ಷಣಗಳನ್ನು ಲಂಚವು ಹೀಗೆ ಎರವಲು ಪಡೆಯಿತು. ಎರವಲು ಪಡೆಯಲಾಗದೆ ಹೋದುದು ಒಂದೇ: ಹತ್ತು ಜನರ ಎದುರಿಗೆ ಅಳೆಯುವುದು.

ಬರೆಯದ ಕಾನೂನಿಗೆ ನಿಜವಾದ ಆಧಾರವು ಹಳಮೆಯಲ್ಲಿಲ್ಲ, ಬಹಿರಂಗದಲ್ಲಿದೆ ಎಂಬುದು ಇದರಿಂದ ಸಿದ್ಧವಾಗುತ್ತದೆ. ಬರೆದ ಕಾನೂನನ್ನು ಓದಿ ಪ್ರಶ್ನಿಸಬಹುದು. ಬರೆಯದುದನ್ನು ಪ್ರಶ್ನಿಸಬೇಕಾದರೆ ಅದು ಎಲ್ಲರ ಕಣ್ಣೆದುರಿಗೆ ನಡೆಯುತ್ತಿರಬೇಕು, ‘ಎಲ್ಲರೂ’ ಎಂಬುದರಲ್ಲಿ ನಿಜವಾಗಿ ಎಲ್ಲರೂ ಸೇರಿರಬೇಕು. ಕಣದ ಮಾಮೂಲು ಮೊದಲನೆಯದರಲ್ಲಿ ಉತ್ತೀರ್ಣವಾಯಿತು, ಎರಡನೆಯದರಲ್ಲಿ ಸೋತಿತು. ಕಚೇರಿಯ ಮಾಮೂಲು ಎರಡರಲ್ಲಿಯೂ ನಿಲ್ಲಲಾರದು.

ಈ ವಿಚಾರವು ಹಳೆಯ ಕಡತಗಳಿಗೆ ಮಾತ್ರ ಸೇರಿದುದಲ್ಲ. 2006ರ ಅರಣ್ಯ ಹಕ್ಕುಗಳ ಕಾಯಿದೆಯು, ಕಾಡನ್ನು ನಂಬಿ ಬಾಳಿದವರ ಹಕ್ಕನ್ನು ತೀರ್ಮಾನಿಸುವಾಗ ಹಿರಿಯರು ಕೊಟ್ಟ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಎಣಿಸಬಹುದೆಂದು ತನ್ನ ನಿಯಮಗಳಲ್ಲಿ ಒಪ್ಪಿಕೊಂಡಿತು. ಗ್ರಾಮಸಭೆಯ ಎದುರಿನಲ್ಲಿ ಅದು ನಡೆಯಬೇಕೆಂದೂ ಹೇಳಿತು. ಇನ್ನೊಂದು ಕಡೆ, 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಗಳ ಸಂಸ್ಕರಿಸಿದ ಕೊಳಚೆನೀರನ್ನು ತಂದು ತುಂಬಿಸುವ ಯೋಜನೆಯು ನಡೆದಿದೆ. ಆ ನೀರು ಅಂತರ್ಜಲವನ್ನು ಹೆಚ್ಚಿಸುವುದಕ್ಕೆ. ಕೆರೆಯಿಂದ ನೇರವಾಗಿ ಗದ್ದೆಗೆ ಹಾಯಿಸುವುದಕ್ಕಲ್ಲವೆಂಬುದು ಅದರ ನಿಬಂಧನೆ. ಒಣಗಿದ್ದ ಕೆರೆಯಲ್ಲಿ ನೀರು ನಿಂತಿದೆ. ಆದರೆ ಆ ನೀರಿಗೆ ತಾತನ ಸರದಿಯಿಲ್ಲ, ತೂಬಿನ ನೀರುಗಂಟಿಯಿಲ್ಲ, ಮಾಮೂಲು ಆಯಕಟ್ಟಿಲ್ಲ. ಕೆರೆಯ ಸುತ್ತ ಕೊಳವೆಬಾವಿಯಿದ್ದವನಿಗೆ ಅದರ ಫಲ ಸಿಗುತ್ತದೆ, ಇಲ್ಲದವನು ನೋಡುತ್ತಿರಬೇಕು. ಹೊಸ ನೀರಿಗೆ ಹೊಸ ಕಟ್ಟಳೆಯೊಂದು ಹುಟ್ಟಲೇಬೇಕು. ಅದು ಹುಟ್ಟುವುದು ಗ್ರಾಮಸಭೆಯಲ್ಲಿ ಎಲ್ಲರ ಎದುರಿಗೋ, ಬಲವುಳ್ಳ ಕೆಲವರ ನಡುವಿನ ಗುಟ್ಟಿನ ಒಪ್ಪಂದದಲ್ಲೋ ಎಂಬುದರ ಮೇಲೆ ‘ಮಾಮೂಲು’ ಎಂಬ ಮಾತಿನ ಎರಡು ಅರ್ಥಗಳಲ್ಲಿ ಯಾವುದು ಆ ಕಟ್ಟಳೆಗೆ ಸಲ್ಲುವುದೆಂಬುದು ನಿರ್ಧಾರವಾಗುತ್ತದೆ.